ನೆಟ್ಟಾಳ ಬೀಸು, ಗಾಳದ ಓಣಿಯ ಕಂಬ

ಗಾಳದ ಓಣಿಯ ನೆಟ್ಟಾ ಗೌರ್ಲೆ ಮೊದಲ ಸಲ ಗಾಲ್ಫ್ ಕೋಲು ಹಿಡಿದದ್ದು ಮಗಳ ಮದುವೆ ಮಾಡಿ ಕಳಿಸಿದ ಮೇಲೆ. ಅಲ್ಲಿಯ ತನಕ ಅವಳು ಆಟದ ಬಯಲಿಗೆ ಹೋಗುತ್ತಿದ್ದದ್ದು ಒದ್ದೆ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಮಾತ್ರ. ಪೋರ್ಟ್ ಗಾರ್ವಿಯಲ್ಲಿ ಇದು ನಾಚಿಕೆಯ ಮಾತು. ಆ ಊರಿನಲ್ಲಿ ಪಾದ್ರಿ ಆಡುತ್ತಾನೆ, ರೊಟ್ಟಿ ಸುಡುವವನು ಆಡುತ್ತಾನೆ, ಮೀನು ಮಾರುವ ಹೆಂಗಸರು ಆಡುತ್ತಾರೆ. ಮಕ್ಕಳು ನಡೆಯುವುದನ್ನು ಕಲಿತ ಮೇಲೆ ಕಲಿಯುವ ಮುಂದಿನ ವಿದ್ಯೆ ಅದೇ. ನೆಟ್ಟಾ ಕಲಿತಿರಲಿಲ್ಲ, ಏಕೆಂದರೆ ಅವಳು ಒಳನಾಡಿನವಳು, ಹೊಲ ಉಳುವವನ ಮಗಳು. ಅವಳ ಊರಿನಲ್ಲಿ ಕೋಲು ಇದ್ದದ್ದು ದನ ಅಟ್ಟುವುದಕ್ಕೆ.

ಮೀನನ್ನು ಹೊಗೆಯಲ್ಲಿ ಒಣಗಿಸುವ ಕೊಟ್ಟಿಗೆಗೆ ಕೂಲಿಗೆಂದು ಬಂದವಳು ಆರ್ಚಿ ಗೌರ್ಲೆಯ ಕೈಹಿಡಿದು ಅಲ್ಲೇ ಉಳಿದಳು. ಬಂದ ವರ್ಷದ ಚಳಿಗಾಲದಲ್ಲಿ ಒಂದು ದಿನ, ಬೆನ್ನ ಮೇಲೆ ಕಪ್ಪುಚಿಪ್ಪಿನ ಬುಟ್ಟಿ ಹೊತ್ತು ಬಂದರಿನ ಕಟ್ಟೆಯ ಮೇಲೆ ಬರುತ್ತಿದ್ದಾಗ ಗಾಳಿ ಅವಳನ್ನು ಎತ್ತಿ ಒಗೆಯಿತು. ಅತ್ತೆ ಲೀಜಿ ಹಿಂದೆಯೇ ಬರುತ್ತಿದ್ದಳು. ಮೊದಲು ಚೆಲ್ಲಿದ ಚಿಪ್ಪುಗಳನ್ನು ಆರಿಸಿಕೊಂಡಳು, ಆಮೇಲೆ ಸೊಸೆಯನ್ನು ಎಬ್ಬಿಸಿದಳು.

“ಗಾಳಿ ಬಂದಾಗ ಗೂಟದ ಹಾಗೆ ನಿಲ್ತಾರೇನೇ? ಅದಕ್ಕೆ ಒರಗಿಕೋ. ಗೋಡೆಗೆ ಒರಗಿಕೊಳ್ಳಲ್ವಾ, ಹಾಗೆ. ಮುಖಕ್ಕೆ ಬಂದ್ರೆ ಮುಂದಕ್ಕೆ, ಬೆನ್ನಿಗೆ ಬಂದ್ರೆ ಹಿಂದಕ್ಕೆ.”

“ನಮ್ಮೂರಲ್ಲಿ ಗಾಳಿ ತಡೆಯೋಕೆ ಮರಗಳಿದ್ವು ಅತ್ತೆ.”

“ಇಲ್ಲಿ ನಾವೇ ಮರ.”

ನೆಟ್ಟಾ ಆ ಪಾಠವನ್ನು ಅಚ್ಚುಕಟ್ಟಾಗಿ ಕಲಿತಳು. ಯಾವ ಕಡೆಯ ಗಾಳಿಗೆ ಎಷ್ಟು ಒರಗಬೇಕೆಂದು ಅವಳ ಮೈಗೇ ಗೊತ್ತಾಗಿಹೋಯಿತು. ಮತ್ತೆಂದೂ ಅವಳು ಕಟ್ಟೆಯ ಮೇಲೆ ಬೀಳಲಿಲ್ಲ.

ಇನ್ನು ಕಂಬಗಳ ವಿಷಯ. ಗಾಳದ ಓಣಿ ಎಷ್ಟು ಕಿರಿದೆಂದರೆ ಇಬ್ಬರು ಎದುರಾದರೆ ಒಬ್ಬರು ಯಾರದಾದರೂ ಬಾಗಿಲೊಳಗೆ ಸರಿಯಬೇಕು. ಬಿಸಿಲು ಹೆಂಚಿನ ಮೇಲೆಯೇ ನಿಂತುಬಿಡುತ್ತದೆ. ದೋಣಿಯ ಗಂಡಸರು ತೊಡುವ ದಪ್ಪ ಉಣ್ಣೆಯ ಅಂಗಿಗಳನ್ನು ಅಲ್ಲಿ ಒಣಹಾಕಿದರೆ ಮುಗ್ಗಲು ಹಿಡಿಯುತ್ತವೆ. ಅದಕ್ಕೇ ಹಿಂದಿನಿಂದಲೂ ಪ್ರತಿ ಓಣಿಗೆ ಬಯಲಿನ ಅಂಚಿನಲ್ಲಿ, ಚೆಂಡು ಬೀಳಿಸುವ ಕೊನೆಯ ಕುಳಿಯ ಪಕ್ಕದಲ್ಲಿ, ಬಟ್ಟೆ ಒಣಹಾಕುವ ಕಂಬಗಳಿದ್ದವು. ಮೇಲಿನ ಬೀದಿಯ ಕ್ಲಬ್ಬಿನವರಿಗೆ ಅವು ಕಣ್ಣಿಗೆ ಬಿದ್ದ ಕಸ. ಲೀಜಿಯ ಅಜ್ಜಿಯ ಕಾಲದಲ್ಲಿ ಇದೇ ಜಗಳ ಬೆಳೆದು, ಹೆಂಗಸರು ಬುಟ್ಟಿ ಕವುಚಿಕೊಂಡು ಒಂದೊಂದು ಕುಳಿಯ ಮೇಲೆ ಒಬ್ಬೊಬ್ಬರು ಕೂತುಬಿಟ್ಟರಂತೆ. ಕೊನೆಗೆ ಒಂದು ಮಾತಾಯಿತು. ಆಡುವವರದು ಬಯಲು. ಯಾವ ಓಣಿಯ ಇಬ್ಬರು ಹೆಂಗಸರು ವರ್ಷಕ್ಕೊಮ್ಮೆ, ಹೆರಿಂಗ್ ಮೀನಿನ ಸುಗ್ಗಿ ಮುಗಿದ ಶನಿವಾರ, ಬಯಲನ್ನು ಪೂರ್ತಿ ಆಡಿ ಮುಗಿಸುತ್ತಾರೋ ಆ ಓಣಿಯ ಕಂಬ ಉಳಿಯುತ್ತದೆ. ಒಬ್ಬೊಬ್ಬರಿಗೆ ಮೂರೇ ಚೆಂಡು. ಮೂರೂ ಕಳೆದವಳು ಅಲ್ಲಿಗೇ ನಿಲ್ಲಬೇಕು, ಅವಳ ಓಣಿಯ ಕಂಬ ಕೀಳಬೇಕು. ಎಲ್ಲರಿಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಿ ಗೆದ್ದವಳಿಗೆ ಹೊಸ ಮೀನುಬುಟ್ಟಿ ಸಿಗುತ್ತದೆ. ಗೆಲ್ಲದಿದ್ದರೂ ಚಿಂತೆಯಿಲ್ಲ. ಚೆಂಡು ಉಳಿಸಿಕೊಂಡು ಬಂದರೆ ಸಾಕು.

ಉಪ್ಪಿನ ಓಣಿಯವರ ಕಂಬ ಹೋದದ್ದು ಹಾಗೆಯೇ. ಅವರು ಈಗ ಹೊಗೆಕೊಟ್ಟಿಗೆಯ ಹಿಂದಿನ ಇಳಿಜಾರಿನಲ್ಲಿ ಒಣಹಾಕುತ್ತಾರೆ. ಅವರ ಮನೆಯ ಹಾಸಿಗೆಯಲ್ಲಿ ಮಲಗಿದವರಿಗೆ ಬರೀ ಮೀನಿನ ಕನಸು ಬೀಳುತ್ತದೆಂದು ಊರಿನವರ ತಮಾಷೆ.

ಗಾಳದ ಓಣಿಗಾಗಿ ಆಡುತ್ತಿದ್ದವರು ಲೀಜಿ ಮತ್ತು ಎದುರುಮನೆಯ ಬೀಥಿಯಾ. ನೆಟ್ಟಾಳ ಮಗಳು ಗಂಡನ ಮನೆಗೆ ಹೋದ ವರ್ಷ, ಚಳಿ ಕಳೆಯುವ ಹೊತ್ತಿಗೆ ಬೀಥಿಯಾ ತೀರಿಕೊಂಡಳು. ಓಣಿಯಲ್ಲಿ ಉಳಿದವರು ಗೌರ್ಲೆಯ ಮನೆಯವರು ಮತ್ತು ಬಯಲಿನ ಹುಲ್ಲು ನೋಡಿಕೊಳ್ಳುವ ಕೆಲಸದಿಂದ ನಿವೃತ್ತನಾದ ವಾಟಿ ಪೀಬಲ್ಸ್ ಎಂಬ ಒಂಟಿ ಮುದುಕ. ಮಿಕ್ಕ ಬಾಗಿಲುಗಳಿಗೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ಮಣ್ಣು ಮಾಡಿ ಬಂದು ಎಲ್ಲರೂ ಟೀ ಕುಡಿಯುತ್ತ ಕೂತಿದ್ದಾಗ ಲೀಜಿ ಮೂರು ಕೋಲುಗಳನ್ನು ತಂದು ಸೊಸೆಯ ಮಡಿಲ ಮೇಲೆ ಹಾಕಿದಳು.

“ಬೀಥಿಯಾ ಕೋಲು. ಇನ್ಮೇಲೆ ನಿಂದು.”

“ನಂಗ್ಯಾಕೆ ಅತ್ತೆ?”

“ಮತ್ತೆ? ವಾಟಿಗೆ ಲಂಗ ಉಡಿಸಿ ಕರ್ಕೊಂಡು ಹೋಗ್ಲಾ?”

ವಾಟಿ ಟೀ ಬಟ್ಟಲಿನಿಂದ ತಲೆಯೆತ್ತದೆ, “ನಾನೇನೋ ತಯಾರು. ಮೀಸೆ ಬೋಳಿಸ್ಬೇಕಷ್ಟೆ,” ಎಂದ.

“ನಂಗೆ ಬರಲ್ಲ ಅತ್ತೆ.”

“ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಇಷ್ಟು ವರ್ಷ ನಿನ್ನ ಬಟ್ಟೆ ಒಣಗಿದ್ದು ಬೀಥಿಯಾ ಬೀಸಿದ್ದಕ್ಕೆ. ನಾಳೆಯಿಂದ ನೀನು ಬೀಸು.”

ಹೊಡೆಯುವುದೇನೋ ನೆಟ್ಟಾಗೆ ಬೇಗ ಬಂತು. ಹೊಲಕ್ಕೆ ಗೊಬ್ಬರ ಎರಚಿ ಬೆಳೆದ ತೋಳು, ಬುಟ್ಟಿ ಹೊತ್ತು ಬಲಿತ ಬೆನ್ನು. ಕೋಲನ್ನು ಹೆಗಲ ಹಿಂದಕ್ಕೆ ಎತ್ತಿ ಬೀಸಿದಳೆಂದರೆ ಚೆಂಡು ಗಂಡಸರು ಹೊಡೆದಷ್ಟು ದೂರ ಹಾರುತ್ತಿತ್ತು. ಆದರೆ ಯಾವ ಕಡೆಗೆ ಹಾರುತ್ತದೆ ಎನ್ನುವುದಕ್ಕೆ ತಲೆಬುಡವಿರಲಿಲ್ಲ. ಒಂದು ದಿನ ಹೊಡೆದದ್ದೆಲ್ಲ ಬಲಕ್ಕೆ, ಸಮುದ್ರಕ್ಕೆ. ಮತ್ತೊಂದು ದಿನ ಎಡಕ್ಕೆ, ಹಳದಿ ಹೂವಿನ ಮುಳ್ಳುಪೊದೆಗೆ. ಇನ್ನೊಂದು ದಿನ ನೆಲ ಕೆರೆದುಕೊಂಡು ಕಾಲಿನ ಬಳಿಯೇ ಕೂತುಬಿಡುವುದು. ಎತ್ತು ಏರಿಗೆ, ಕೋಣ ನೀರಿಗೆ.

ಬುದ್ಧಿ ಹೇಳುವವರಿಗೇನೂ ಬರವಿರಲಿಲ್ಲ. ಬಲಕ್ಕೆ ಹೋದ ದಿನ ವಾಟಿ, ಹಿಡಿತ ಬಿಗಿ ಮಾಡು ಎಂದ. ಎಡಕ್ಕೆ ಹೋದ ದಿನ, ಸಡಿಲ ಮಾಡು ಎಂದ. ರೊಟ್ಟಿಯಂಗಡಿಯವನು ಹಿಟ್ಟಿನ ಕೈಯಲ್ಲೇ ಬಂದು ಮೊಣಕೈ ಹೇಗಿರಬೇಕೆಂದು ತೋರಿಸಿದ. ಪಾದ್ರಿಯ ಹೆಂಡತಿ, ಉಸಿರು ಬಿಗಿಹಿಡಿದರೆ ಸರಿಹೋಗುತ್ತದೆ ಎಂದಳು. ಆರ್ಚಿ ದೋಣಿಯಿಂದ ಇಳಿದು ಬಂದವನು, ಚೆಂಡಿನ ಮೇಲಿನ ಕಣ್ಣು ತೆಗೆಯಬೇಡ ಎಂದ. ನೆಟ್ಟಾ ಎಲ್ಲರ ಮಾತೂ ಕೇಳಿದಳು. ಎಲ್ಲವನ್ನೂ ಮಾಡಿದಳು. ನಿನ್ನೆಯ ತಪ್ಪಿಗೆ ಇವತ್ತು ಮದ್ದು ಅರೆದರೆ ಇವತ್ತಿನ ತಪ್ಪು ಬೇರೆಯೇ ಆಗಿರುತ್ತಿತ್ತು. ವಾಟಿ ಪೊದೆಯೊಳಗೆ ತೂರಿ ಆರಿಸಿ ತಂದ ಹಳೆಯ ಚೆಂಡುಗಳನ್ನು ಅವಳು ಮತ್ತೆ ಪೊದೆಗೇ ಕಳಿಸುತ್ತಿದ್ದಳು.

ಪಕ್ಕದ ದೀಪದ ಓಣಿಯ ಕರ್ಸ್ಟಿ ಸ್ಮೀಟನ್, ಊರಿಗೇ ಚೆನ್ನಾಗಿ ಆಡುವವಳು, ತನ್ನ ಹಗ್ಗಕ್ಕೆ ಬಟ್ಟೆ ಹಾಕುತ್ತ ಇದನ್ನೆಲ್ಲ ನೋಡುತ್ತಿದ್ದಳು.

“ಏನೇ ನೆಟ್ಟಾ, ನಿನ್ನೆ ಮೀನಿಗೆ ಹೊಡೆದೆ, ಇವತ್ತು ಮೊಲಕ್ಕೆ. ನಾಳೆ ಯಾರ ಪಾಳಿ? ಮೊದಲೇ ಹೇಳಿಬಿಡು, ನಮ್ಮನೆ ಕೋಳಿಗಳನ್ನ ಒಳಗೆ ಕೂಡ್ತೀನಿ.”

“ನೆಲ ಏರುತಗ್ಗು ಇದೆ ಕರ್ಸ್ಟಿ.”

“ಹೌದು ಕಣಮ್ಮ, ಕುಣಿಲಾರದವಳಿಗೆ ನೆಲ ಡೊಂಕು.” ಕರ್ಸ್ಟಿ ಒಂದು ಹೊದಿಕೆಯನ್ನು ಝಾಡಿಸಿ ಹಗ್ಗಕ್ಕೆ ಎಸೆದಳು. “ಕಂಬ ಕಿತ್ತ ಮೇಲೆ ಆ ಹಗ್ಗ ಮಾತ್ರ ನಂಗೆ ಕೊಡು. ಆರ್ಚಿ ತಂದ ಹಗ್ಗ, ಗಟ್ಟಿಯಾಗಿದೆ.”

ನಗುತ್ತಲೇ ಹೇಳಿದಳು. ಆದರೆ ಹಗ್ಗದ ಮೇಲೆ ಅವಳಿಗೆ ನಿಜಕ್ಕೂ ಕಣ್ಣಿತ್ತು.

ಅಂದು ಸಂಜೆ ಅತ್ತೆ ಸೊಸೆ ಬಾಗಿಲ ಬಳಿ ಕೂತು ಉದ್ದದ ದಾರದ ಗಾಳಗಳಿಗೆ ಚಿಪ್ಪಿನ ಮಾಂಸ ಸಿಕ್ಕಿಸುತ್ತಿದ್ದರು. ನೆಟ್ಟಾ ಕೈ ನಿಲ್ಲಿಸದೆ ಹೇಳಿದಳು:

“ನನ್ನ ಕೈಲಿ ಆಗಲ್ಲ ಅತ್ತೆ. ಒಂದೇ ಥರ ತಪ್ಪಿದ್ರೆ ತಿದ್ದಿಕೋಬಹುದು. ಇದು ದಿನಕ್ಕೊಂದು ಥರ. ಎಲ್ಲಿ ಅಂತ ಹಿಡಿಯೋದು?”

“ಈ ಗಾಳದ ಕೆಲಸ ಕಲಿಯುವಾಗ ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡೆ?”

“ಯಾರಿಗೆ ನೆನಪಿದೆ.”

“ನಂಗಿದೆ. ಸುಮ್ನೆ ಕೆಲಸ ಮಾಡು.”

ಲೀಜಿಗೆ ಸೊಂಟದ ನೋವು. ಆ ವರ್ಷ ಅವಳು ಬಯಲು ಸುತ್ತಿ ಬರುತ್ತಾಳೋ ಇಲ್ಲವೋ ಎಂದೇ ಓಣಿಯ ಹೊರಗಿನವರು ಮಾತಾಡಿಕೊಳ್ಳುತ್ತಿದ್ದರು. ಅವಳು ಬರುತ್ತಾಳೆಂದು ನೆಟ್ಟಾಗೆ ಗೊತ್ತಿತ್ತು. ತನ್ನದೇ ಅವಳಿಗೆ ಗೊತ್ತಿರಲಿಲ್ಲ.

ಪಂದ್ಯ ಹತ್ತಿರವಾದಾಗ ಒಂದು ಬೆಳಗ್ಗೆ ಸಮುದ್ರದಿಂದ ಮಂಜು ಎದ್ದು ಊರಿನ ಮೇಲೆ ಕೂತಿತು. ಚಾಚಿದ ಕೈ ತನಗೇ ಕಾಣದಂಥ ಮಂಜು. ದೋಣಿಗಳು ಹೊರಡಲಿಲ್ಲ. ದೋಣಿ ಹೊರಡುವ ದಿನ ಹೆಂಡತಿ ಬಟ್ಟೆ ಒಗೆಯಬಾರದು, ಒಗೆದರೆ ಗಂಡನನ್ನೇ ನೀರಿಗೆ ಬಿಟ್ಟಂತೆ. ಹೊರಡದ ದಿನ ಸಿಕ್ಕಿತೆಂದು ಇಬ್ಬರೂ ಬೇಗ ಎದ್ದು ಒಗೆದು, ಮಂಜು ಸರಿಯುತ್ತದೆಂಬ ನಂಬಿಕೆಯಲ್ಲಿ ಬಟ್ಟೆ ಹೊತ್ತು ಬಯಲಿಗೆ ಬಂದರು. ಹಗ್ಗಕ್ಕೆ ಹಾಕಿದ ಹೊದಿಕೆಗಳು ಹೆಣದ ಹಾಗೆ ಜೋತುಬಿದ್ದವು. ಒಂದು ಎಳೆ ಗಾಳಿಯಿಲ್ಲ. ಲೀಜಿ ಖಾಲಿ ಬುಟ್ಟಿ ಕವುಚಿ ಅದರ ಮೇಲೆ ಕೂತಳು.

“ಕೋಲು ತಂದಿದೀಯಾ?”

“ಬಟ್ಟೆ ಅಡಿಯಲ್ಲಿತ್ತು.”

“ಹೊಡಿ.”

“ಏನೂ ಕಾಣಲ್ಲ ಅತ್ತೆ.”

“ಕಂಡಾಗ ಏನು ಮಹಾ ಕಡಿದು ಕಟ್ಟೆ ಹಾಕಿದ್ದೆ? ಹೊಡಿ. ನಾನು ಸದ್ದು ಕೇಳ್ತೀನಿ.”

ನೆಟ್ಟಾ ಮೇಲುಡುಪಿನ ಜೇಬಿನಿಂದ ಚೆಂಡು ತೆಗೆದು ನೆಲಕ್ಕಿಟ್ಟಳು. ದಿಕ್ಕಿಗೆ ಗುರುತಾಗಲೆಂದು ಕಂಬದ ಬುಡಕ್ಕೆ ಬೆನ್ನು ಕೊಟ್ಟು ನಿಂತಳು. ಬೀಸಿದಳು. ಚೆಂಡು ಮಂಜಿನೊಳಗೆ ಹೋಯಿತು. ಹೋದದ್ದೇ, ಎಲ್ಲಿಗೆಂದು ಇಬ್ಬರಿಗೂ ಕಾಣಲಿಲ್ಲ. ಮತ್ತೊಂದು ಇಟ್ಟಳು. ಜೇಬು ಖಾಲಿಯಾಗುವ ತನಕ ಹೊಡೆದಳು. ಲೀಜಿ ಕಿವಿಯ ಮೇಲಿನ ಶಾಲು ಸರಿಸಿ ಕೇಳುತ್ತಿದ್ದಳು. ಪ್ರತಿ ಸಲವೂ ಒಂದೇ ಸದ್ದು, ಒಣ ಕಟ್ಟಿಗೆ ಸೀಳಿದ ಹಾಗೆ.

ಮಂಜು ಸರಿಯುವ ತನಕ ಇಬ್ಬರೂ ಓಟ್ಸ್ ರೊಟ್ಟಿ ತಿನ್ನುತ್ತ ಕಾದರು. ಬಯಲು ಕಾಣತೊಡಗಿದಾಗ ಚೆಂಡು ಹುಡುಕಲು ಹೊರಟರು. ಗುರಿಗಿಂತ ತುಸು ಎಡಕ್ಕೆ ಒಂದು ತಗ್ಗು. ಆ ತಗ್ಗಿನಲ್ಲಿ ಚೆಂಡುಗಳೆಲ್ಲ ಟಿಟ್ಟಿಭ ಹಕ್ಕಿಯ ಮೊಟ್ಟೆಗಳಂತೆ ಒಂದರ ಪಕ್ಕ ಒಂದು ಬಿದ್ದಿದ್ದವು.

ಲೀಜಿ ಬಗ್ಗಿ ನೋಡಿದಳು. “ಇವನ್ನ ನೀನು ತಂದಿಟ್ಟೆಯಾ?”

“ಯಾವಾಗ ಅತ್ತೆ? ನಿಮ್ಮ ಪಕ್ಕದಲ್ಲೇ ರೊಟ್ಟಿ ತಿಂತಿದ್ದೆ.”

“ಹ್ಞೂ.”

ಅಷ್ಟರಲ್ಲಿ ಪಡುವಣದ ಗಾಳಿ ಎದ್ದಿತು. ಹಗ್ಗದ ಮೇಲೆ ಹೊದಿಕೆಗಳು ಉಬ್ಬಿ ಸಮುದ್ರದ ಕಡೆಗೆ ಎಳೆಯತೊಡಗಿದವು. ಲೀಜಿ, ಅದೇ ಜಾಗದಿಂದ ಇನ್ನೊಂದು ಹೊಡಿ ಎಂದಳು. ನೆಟ್ಟಾ ಹೊಡೆದಳು. ಚೆಂಡು ಆ ತಗ್ಗನ್ನು ಬಿಟ್ಟು, ದೂರ ಎಡಕ್ಕೆ ಮುಳ್ಳುಪೊದೆಗೆ ಹೋಯಿತು. ಲೀಜಿ ಚೆಂಡನ್ನು ನೋಡಲಿಲ್ಲ. ಹಗ್ಗದ ಮೇಲಿನ ಹೊದಿಕೆಯನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು.

“ಬಟ್ಟೆ ಒಣಗ್ತಿರಲಿ. ಮರಳಿಗೆ ಬಾ.”

ನೀರು ಇಳಿದಿತ್ತು. ಒದ್ದೆ ಮರಳು ನೆಲಗಾರೆಯಂತೆ ನುಣ್ಣಗಿತ್ತು. ಅಲ್ಲಿ ನಿಲ್ಲಿಸಿ, ಚೆಂಡಿಲ್ಲದೆ ಒಮ್ಮೆ ಬೀಸಿಸಿ, ಪಕ್ಕಕ್ಕೆ ಸರಿಯಲು ಹೇಳಿದಳು. ಹೆಜ್ಜೆಯ ಗುರುತಿನಲ್ಲಿ ಹಿಮ್ಮಡಿ ಬಟ್ಟಲಿನಷ್ಟು ಆಳ ಇಳಿದಿತ್ತು. ಬೆರಳುಗಳ ಕಡೆ ಮರಳು ಕದಲಿರಲೇ ಇಲ್ಲ.

“ಗಾಳಿ ಎಲ್ಲಿಂದ ಬರ್ತಿದೆ?”

“ಬೆನ್ನಿಗೆ.”

“ಈಗ ಊರ ಕಡೆ ಮುಖ ಮಾಡಿ ನಿಂತು ಬೀಸು.”

ಬೀಸಿದಳು. ಈ ಸಲ ಗಾಳಿ ಮುಖಕ್ಕೆ. ಬೆರಳುಗಳ ಗುರುತು ಆಳವಾಗಿತ್ತು, ಹಿಮ್ಮಡಿ ಬರೀ ತೇಲಿಸಿದ ಹಾಗೆ.

ವಿಷಯ ಇಷ್ಟೇ. ಗಾಳಿ ಮುಖಕ್ಕಿದ್ದ ದಿನ ನೆಟ್ಟಾ ಬೆರಳ ಮೇಲೆ ನಿಂತು ಬೀಸುತ್ತಿದ್ದಳು, ಚೆಂಡು ಸಮುದ್ರಕ್ಕೆ ಹೋಗುತ್ತಿತ್ತು. ಬೆನ್ನಿಗಿದ್ದ ದಿನ ಹಿಮ್ಮಡಿಯ ಮೇಲೆ, ಚೆಂಡು ಪೊದೆಗೆ. ಹೀಗೆಂದು ಅವಳಿಗೂ ಗೊತ್ತಿರಲಿಲ್ಲ, ಕಲಿಸಿದವರಿಗೂ ಗೊತ್ತಿರಲಿಲ್ಲ. ಎಲ್ಲರೂ ಚೆಂಡು ಎಲ್ಲಿ ಬಿತ್ತೆಂದು ನೋಡಿ ಕೈ ತಿದ್ದಿದರು. ಅವತ್ತಿನ ಗಾಳಿ ಯಾವುದೆಂದು ಒಬ್ಬರೂ ಕೇಳಲಿಲ್ಲ. ಪೋರ್ಟ್ ಗಾರ್ವಿಯವರು ಯಾರೂ ಕೇಳುವುದಿಲ್ಲ. ತೊಟ್ಟಿಲಿನಿಂದಲೇ ಗಾಳಿ ಕುಡಿದು ಬೆಳೆದವರು ಅವರು. ಒರಗಿಕೊಂಡೇ ಇದ್ದರೂ ಕೋಲು ಎತ್ತಿದಾಗ ಅವರ ಮೈ ತಾನಾಗಿ ನೆಟ್ಟಗಾಗುತ್ತದೆ. ನೆಟ್ಟಾಳದು ದೊಡ್ಡವಳಾದ ಮೇಲೆ ಕಲಿತ ಮೈ. ಕಲಿತದ್ದನ್ನು ಬಿಡಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಲೀಜಿ ಕಾಲ್ಬೆರಳಿನಿಂದ ಆ ಗುರುತುಗಳ ಆಳ ನೋಡಿದಳು.

“ಗಾಳಿಗೆ ಒರಗಿಕೋ ಅಂತ ನಿಂಗೆ ಹೇಳಿಕೊಟ್ಟಿದ್ದು ಯಾರು?”

“ನೀವೇ ಅತ್ತೆ. ಕಟ್ಟೆ ಮೇಲೆ ಬಿದ್ದೆನಲ್ಲ, ಅವತ್ತು.”

“ಚೆನ್ನಾಗೇ ಕಲಿತಿದೀಯ.” ಅವಳು ಕಾಲಿನಿಂದ ಮರಳು ಸವರಿ ಗುರುತು ಅಳಿಸಿದಳು. “ಇಷ್ಟೊಂದು ಚೆನ್ನಾಗಿ ಕಲಿಯೋ ಅಗತ್ಯ ಇರಲಿಲ್ಲ.”

ರೋಗ ಗೊತ್ತಾದ ಮಾತ್ರಕ್ಕೆ ವಾಸಿಯಾಗುವುದಿಲ್ಲ. ಒರಗಬೇಡ ಎಂದುಕೊಂಡಷ್ಟೂ ನೆಟ್ಟಾಳ ಮೈ ಗಾಳಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಗಟ್ಟಿಯಾಗಿ ನಿಲ್ಲಲು ಹೋದರೆ ಮೈ ಬಿಗಿದು ಚೆಂಡು ಕಾಲಿನ ಬಳಿಯೇ ಉರುಳುತ್ತಿತ್ತು. ಕೊನೆಗೆ ಲೀಜಿ ಒಂದು ಬುಟ್ಟಿಗೆ ಒದ್ದೆ ಮರಳು ತುಂಬಿ ಸೊಸೆಯ ಬೆನ್ನಿಗೇರಿಸಿದಳು. ಭಾರ ಬೆನ್ನಿಗೆ ಬಂದ ಕೂಡಲೇ ನೆಟ್ಟಾ, ಮೀನು ಹೊರುವ ಹೆಂಗಸರೆಲ್ಲ ಮಾಡುವ ಹಾಗೆ, ಹಿಮ್ಮಡಿ ಎರಡನ್ನೂ ಒಮ್ಮೆ ಎತ್ತಿ ಇಳಿಸಿದಳು. ಬುಟ್ಟಿ ಕುಲುಕಿ ಸರಿಯಾದ ಜಾಗದಲ್ಲಿ ಕೂತಿತು.

“ಅಲ್ಲೇ ಇರು. ಈಗ ಭಾರ ಎಲ್ಲಿದೆ?”

“ಪಾದದ ನಡುವೆ.”

“ಗಾಳಿ?”

ನೆಟ್ಟಾ ಯೋಚಿಸಿದಳು. “ಇದೆ. ಇದ್ರೆ ಇರಲಿ.”

“ಅಷ್ಟೇ. ಬುಟ್ಟಿ ಇಳಿಸು. ಬುಟ್ಟಿ ಇದೆ ಅಂದ್ಕೊಂಡು ಹಿಮ್ಮಡಿ ಎತ್ತಿ ಇಳಿಸು. ಆಮೇಲೆ ಬೀಸು. ಚೆಂಡನ್ನ ಗಾಳಿ ಏನು ಮಾಡತ್ತೋ ಅದು ಅವೆರಡರ ವ್ಯವಹಾರ. ನಿನ್ನ ವ್ಯವಹಾರ ಕಾಲು.”

ಅಂದಿನಿಂದ ನೀರು ಇಳಿದಾಗಲೆಲ್ಲ ಇಬ್ಬರೂ ಮರಳಿನಲ್ಲಿ ಇರುತ್ತಿದ್ದರು. ಬೀಸುವುದು, ಪಕ್ಕಕ್ಕೆ ಸರಿಯುವುದು, ಗುರುತು ನೋಡುವುದು, ಅಳಿಸುವುದು. ಹಿಮ್ಮಡಿಯ ಗುಳಿ ಮೆಲ್ಲಮೆಲ್ಲಗೆ ಆಳ ಕಡಿಮೆಯಾಯಿತು. ಬಯಲಿನ ಮೇಲೆ ಚೆಂಡು ಮತ್ತೆ ಗುರಿಗಿಂತ ತುಸು ಎಡಕ್ಕೆ, ಆ ಮಂಜಿನ ದಿನ ಬಿದ್ದ ಹಾಗೆ ಬೀಳತೊಡಗಿತು. ವಾಟಿ ನೋಡಿ ಖುಷಿಪಟ್ಟ.

“ಇನ್ನು ಆ ಎಡದ ಎಳೆತ ಒಂದು ತೆಗೆದುಬಿಟ್ರೆ ಆಯ್ತು. ನೆಟ್ಟಾ, ಮಣಿಕಟ್ಟು ಒಂಚೂರು—”

“ವಾಟಿ, ಬಾಯಿ ಮುಚ್ಚು,” ಎಂದಳು ಲೀಜಿ. “ದಿನಾ ಒಂದೇ ಕಡೆ ಎಳೆಯೋ ದೋಣಿಗೆ ಚುಕ್ಕಾಣಿ ತಿರುಗಿಸಿದ್ರೆ ಸಾಕು. ದೋಣಿ ಒಡೆದು ಕಟ್ತಾರೇನೋ? ನೆಟ್ಟಾ, ನೀನು ಬಲಕ್ಕೆ ಗುರಿ ಇಡು.”

“ನಾನು ಹುಲ್ಲು ನೋಡಿಕೊಂಡವನು, ನಂಗೂ ಒಂದು ಮಾತು ಹೇಳೋ ಹಕ್ಕಿದೆ.”

“ಹುಲ್ಲಿಗೆ ಹೇಳು.”

ಪಂದ್ಯದ ಶನಿವಾರ ಬೆಳಗ್ಗೆ ಪಡುವಣದ ಗಾಳಿಯಿತ್ತು. ಗಾಳದ ಓಣಿಯ ಇಬ್ಬರನ್ನೂ ದೀಪದ ಓಣಿಯ ಇಬ್ಬರ ಜೊತೆ ಹಾಕಿದ್ದರು. ಕರ್ಸ್ಟಿ ಹೊಸ ಶಾಲು ಹೊದ್ದು ಬಂದಿದ್ದಳು. ಕ್ಲಬ್ಬಿನ ಕಾರ್ಯದರ್ಶಿ ಎಲ್ಲರ ಚೆಂಡುಗಳಿಗೂ ಆಯಾ ಓಣಿಯ ಬಣ್ಣ ಹಚ್ಚಿ ಕೊಟ್ಟ. ಕಂಬಗಳ ಬಳಿ ಒಬ್ಬ ಆಳು ಕೈಗಾಡಿ ಮತ್ತು ಗುದ್ದಲಿ ಇಟ್ಟುಕೊಂಡು ನಿಂತಿದ್ದ. ಅವನು ಪ್ರತಿ ವರ್ಷ ನಿಲ್ಲುತ್ತಾನೆ. ಈ ವರ್ಷ ಮಾತ್ರ ಗಾಡಿಯನ್ನು ಗಾಳದ ಓಣಿಯ ಕಂಬಕ್ಕೇ ಒರಗಿಸಿದ್ದ.

ಎರಡನೆಯ ಕುಳಿಯಲ್ಲೇ ನೆಟ್ಟಾ ಒಂದು ಚೆಂಡು ಕಳೆದಳು. ಜನ ನೋಡುತ್ತಿದ್ದಾರೆಂಬ ಗಾಬರಿಗೆ ಹಿಮ್ಮಡಿ ಎತ್ತುವುದನ್ನೇ ಮರೆತಿದ್ದಳು. ಮುಳ್ಳುಪೊದೆಯಲ್ಲಿ ಹುಡುಕಿದವರ ಕೈ ಗೀರಿತು, ಚೆಂಡು ಸಿಗಲಿಲ್ಲ. ಆಮೇಲೆ ಮರೆಯಲಿಲ್ಲ. ಪ್ರತಿ ಸಲ ಚೆಂಡಿನ ಮುಂದೆ ನಿಂತು, ಇಲ್ಲದ ಬುಟ್ಟಿಯನ್ನು ಬೆನ್ನ ಮೇಲೆ ಕೂರಿಸಿ, ಬಲಕ್ಕೆ ಗುರಿಯಿಟ್ಟು ಬೀಸಿದಳು. ಚೆಂಡು ಎಡಕ್ಕೆ ಎಳೆದುಕೊಂಡು ಬಂದು ಬಯಲಿನ ನಡುವೆ ಬೀಳುತ್ತಿತ್ತು. ಕರ್ಸ್ಟಿ ಅವಳ ಕಾಲನ್ನೇ ನೋಡುತ್ತ ಎರಡು ಮೂರು ಕುಳಿ ದಾಟಿದಳು.

“ಅದೇನೇ ಅದು, ಕೋಳಿ ಕಾವಿಗೆ ಕೂರೋ ಹಾಗೆ ಕುಲುಕ್ತೀಯಾ?” ಎಂದಳು ಕೊನೆಗೆ.

“ಮೊಟ್ಟೆ ಇಡೋಕೆ,” ಎಂದಳು ನೆಟ್ಟಾ.

ಬಯಲಿನ ಆಚೆ ತುದಿಗೆ ಬಂದಾಗ ಇಳಿದಿದ್ದ ಸಮುದ್ರದ ನೀರು ತಿರುಗಿ ಏರತೊಡಗಿತು. ನೀರಿನ ಹಿಂದೆಯೇ ಗಾಳಿಯೂ ತಿರುಗಿತು. ಒಂದು ಕ್ಷಣ ನಿಂತು, ಆಮೇಲೆ ಸಮುದ್ರದಿಂದಲೇ ಬೀಸತೊಡಗಿತು. ಏಳನೆಯ ಕುಳಿಗೆ ನೆಟ್ಟಾ ಸರಿಯಾಗಿಯೇ ನಿಂತಳು, ಸರಿಯಾಗಿಯೇ ಹೊಡೆದಳು. ಆದರೆ ಅವಳ ಎಡದ ಎಳೆತಕ್ಕೆ ಗಾಳಿಯ ನೂಕೂ ಸೇರಿಕೊಂಡಿತು. ಚೆಂಡು ಮಧ್ಯದಲ್ಲಿ ನಿಲ್ಲದೆ ದಾಟಿಹೋಗಿ ಜೌಗಿನ ಹುಲ್ಲಿನಲ್ಲಿ ಬಿದ್ದು ಕಾಣೆಯಾಯಿತು. ಇನ್ನು ಉಳಿದದ್ದು ಒಂದು.

ಎಂಟನೆಯದು ತೀರದ ಉದ್ದಕ್ಕೂ ಹೋಗುವ ದಾರಿ. ಬಲಗಡೆ ಸಮುದ್ರ, ಎಡಗಡೆ ಮುಳ್ಳುಪೊದೆ, ನಡುವೆ ಹುಲ್ಲಿನ ಪಟ್ಟಿ. ದೂರದಲ್ಲಿ ಕಂಬಗಳೂ ಕೈಗಾಡಿಯೂ ಕಾಣುತ್ತಿದ್ದವು. ನೆಟ್ಟಾ ಕೊನೆಯ ಚೆಂಡನ್ನು ನೆಲಕ್ಕಿಟ್ಟು ನಿಂತಳು. ಗಾಳಿ ಮುಖಕ್ಕೆ ರಾಚುತ್ತಿತ್ತು. ಬೆರಳುಗಳು ಬೂಟಿನೊಳಗೆ ಮುದುಡಿ ನೆಲ ಹಿಡಿಯತೊಡಗಿದ್ದು ಅವಳಿಗೆ ಗೊತ್ತಾಯಿತು. ಹುಲ್ಲಿಗೆ ಗುರಿಯಿಟ್ಟರೆ ಚೆಂಡು ಪೊದೆಗೆ ಹೋಗುತ್ತದೆ. ಅಂಚಿಗೆ ಇಟ್ಟರೂ ಪೊದೆಗೇ. ಹುಲ್ಲಿಗೆ ಬರಬೇಕೆಂದರೆ ನೀರಿಗೆ ಗುರಿಯಿಡಬೇಕು.

ಅವಳು ಲೀಜಿಯ ಕಡೆ ನೋಡಿದಳು. ಲೀಜಿ ಕೋಲಿನ ಮೂತಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು. ತಲೆಯೆತ್ತಲಿಲ್ಲ.

ನೀರಿನಲ್ಲಿ ಏಡಿಯ ಬಲೆಗೆ ಕಟ್ಟಿದ ಒಂದು ತೇಲುಬೆಂಡು ಕುಣಿಯುತ್ತಿತ್ತು. ನೆಟ್ಟಾ ಅದನ್ನೇ ಗುರಿಯಾಗಿಟ್ಟುಕೊಂಡು ತಿರುಗಿ ನಿಂತಳು.

“ಅಯ್ಯೋ, ಏನೇ ಇದು? ಕಡಲಾಚೆ ಡೆನ್ಮಾರ್ಕಿಗೆ ಹೊಡೀತೀಯಾ?” ಎಂದಳು ಕರ್ಸ್ಟಿ. ಈ ಸಲ ಅವಳ ದನಿಯಲ್ಲಿ ನಗು ಇರಲಿಲ್ಲ. “ನೆಟ್ಟಾ, ಅದು ನಿನ್ನ ಕೊನೇ ಚೆಂಡು ಕಣೆ.”

“ಗೊತ್ತು.”

ಹಿಮ್ಮಡಿ ಎತ್ತಿದಳು. ಇಳಿಸಿದಳು. ಬುಟ್ಟಿ ಕೂತಿತು. ಬೀಸಿದಳು.

ಒಣ ಕಟ್ಟಿಗೆ ಸೀಳಿದ ಸದ್ದಾಯಿತು. ಲೀಜಿ ಮಣ್ಣು ಕೆರೆಯುವುದನ್ನು ನಿಲ್ಲಿಸಿದಳು, ಆದರೂ ನೋಡಲಿಲ್ಲ. ಚೆಂಡು ಕಲ್ಲುಗಳನ್ನು ದಾಟಿ, ನೊರೆಯನ್ನು ದಾಟಿ ನೀರಿನ ಮೇಲೆ ಹೋಯಿತು. ಅಲ್ಲಿ, ದಡದ ನೆನಪಾದ ಕಡಲಹಕ್ಕಿಯ ಹಾಗೆ, ನಿಧಾನವಾಗಿ ಒಳಕ್ಕೆ ತಿರುಗಿತು. ಗಾಳಿ ಅದನ್ನು ತಂದು ಹುಲ್ಲಿನ ಪಟ್ಟಿಯ ಮೇಲೆ ಹಾಕಿತು. ಪೊದೆಯ ಕಡೆಗೆ ಉರುಳಿ ಉರುಳಿ, ಪೊದೆಗೆ ಇನ್ನೂ ದಾರಿಯಿರುವಾಗ ನಿಂತಿತು.

“ನಡೀರಿ,” ಎಂದಳು ಲೀಜಿ. “ನಂಗೆ ಸೊಂಟ ನೋಯ್ತಿದೆ.”

ಉಳಿದದ್ದರಲ್ಲಿ ಹೇಳುವಂಥದ್ದೇನಿಲ್ಲ. ನೆಟ್ಟಾ ಆ ಚೆಂಡನ್ನು ಸಣ್ಣ ಸಣ್ಣ ಹೊಡೆತಗಳಲ್ಲಿ, ಎಗ್ಗಿಲ್ಲದೆ ಹೆಚ್ಚು ಹೊಡೆತ ತೆಗೆದುಕೊಂಡು, ಕೊನೆಯ ಕುಳಿಯ ತನಕ ಅಟ್ಟಿಕೊಂಡು ಬಂದು ಒಳಗೆ ಹಾಕಿದಳು. ಲೀಜಿ ಕೋಲನ್ನು ಊರುಗೋಲು ಮಾಡಿಕೊಂಡು ಬಂದು ತನ್ನದನ್ನೂ ಹಾಕಿದಳು. “ಗಾಳದ ಓಣಿ, ಇಬ್ಬರೂ ಮುಗಿಸಿದರು,” ಎಂದು ಕಾರ್ಯದರ್ಶಿ ಕೂಗಿ ಹೇಳಿ, ಕೈಗಾಡಿಯ ಆಳಿಗೆ ಸನ್ನೆ ಮಾಡಿದ. ಅವನು ಗಾಡಿ ತಳ್ಳಿಕೊಂಡು ಹೋದ. ಹೊಸ ಬುಟ್ಟಿ ಕರ್ಸ್ಟಿಯ ಪಾಲಾಯಿತು.

“ಬುಟ್ಟಿ ಬಂತು, ಹಗ್ಗ ಹೋಯ್ತು,” ಎಂದು ಅವಳು ನೆಟ್ಟಾಳ ಹೆಗಲಿಗೆ ಒಂದು ಗುದ್ದು ಕೊಟ್ಟಳು.

ಭಾನುವಾರ ಯಾರೂ ಒಗೆಯುವುದಿಲ್ಲ. ಸೋಮವಾರ ಊರೆಲ್ಲ ಬಟ್ಟೆ ಒಣಹಾಕಿತು, ಗಾಳದ ಓಣಿಯ ಹಗ್ಗ ಮಾತ್ರ ಬರಿದಾಗಿತ್ತು. ಅಂದು ಆರ್ಚಿಯ ದೋಣಿ ಹೊರಟಿತ್ತು. ಇಷ್ಟೆಲ್ಲ ಕುಣಿದದ್ದು ಗುಬ್ಬಿ ಕೂರೋಕಾ ಎಂದು ಕರ್ಸ್ಟಿ ಕೇಳಿದಳು.

ಮಂಗಳವಾರ ಅತ್ತೆ ಸೊಸೆ ಬುಟ್ಟಿ ಹೊತ್ತು ಬಂದರು. ಓಣಿಯ ಹಗ್ಗಗಳಲ್ಲಿ ಕಡಲ ಕಡೆಗಿನದು ಒಳ್ಳೆಯ ಹಗ್ಗ, ಅಲ್ಲಿ ಬೇಗ ಒಣಗುತ್ತದೆ. ಅದು ಯಾವಾಗಲೂ ಲೀಜಿಯದು. ಲೀಜಿ ತನ್ನ ಬಟ್ಟೆಗಳನ್ನು ತೆಗೆದುಕೊಂಡು ಬೀಥಿಯಾ ಒಣಹಾಕುತ್ತಿದ್ದ ಒಳಗಿನ ಹಗ್ಗಕ್ಕೆ ಹೋಗಿ ಹಾಕತೊಡಗಿದಳು. ನೆಟ್ಟಾ ಸ್ವಲ್ಪ ಹೊತ್ತು ಕಾದಳು, ಅತ್ತೆ ತಿರುಗಿ ಬರಲಿಲ್ಲ. ಆಮೇಲೆ ಕಡಲ ಕಡೆಗಿನ ಹಗ್ಗಕ್ಕೆ ಆರ್ಚಿಯ ಉಣ್ಣೆ ಅಂಗಿ ಹಾಕಿದಳು. ಪಡುವಣದ ಗಾಳಿ ಜೋರಾಗಿತ್ತು. ಹೊದಿಕೆ ಎತ್ತಿದಾಗ ಅದು ಅವಳನ್ನೇ ಎಳೆದುಕೊಂಡು ಹೋಗುವಂತಾಯಿತು. ಅವಳು ಹಿಮ್ಮಡಿ ಎತ್ತಿ ಇಳಿಸಿ, ಕಾಲು ಕೂರಿಸಿ, ಗಟ್ಟಿಯಾಗಿ ನಿಂತು ಹೆಣಗಿದಳು.

“ಏನೇ ಅದು?” ಬೀಥಿಯಾಳ ಹಗ್ಗದ ಬಳಿಯಿಂದ ಲೀಜಿ ಕೂಗಿದಳು.

“ನಿಂತ್ಕೊಳ್ತಿದೀನಿ ಅತ್ತೆ.”

“ಬಟ್ಟೆ ಹಾಕುವಾಗ ಒರಗಿಕೋ.”

ನೆಟ್ಟಾ ಬೆನ್ನಿನ ಗಾಳಿಗೆ ಒರಗಿಕೊಂಡಳು. ಹೊದಿಕೆ ತಾನಾಗಿ ಹಗ್ಗದ ಮೇಲೆ ಹೋಗಿ ಬಿತ್ತು.